ತಂಗಿ ತುಂಬಿಟ್ಟ ಕಾಫಿ ಡಬ್ಬಿ

ಅದು ಬಿರುಕಲ್ಲ, ನೀರಿನ ಗೆರೆ, ಹೋಗಲಿ — ಬಿಳಿ ದೀಪದ ಮುಂದೆ ಔಷಧಿ ಬಾಟಲಿಗಳು ಬೆಲ್ಟಿನ ಮೇಲೆ ಒಂದರ ಹಿಂದೊಂದು ಸರಿಯುತ್ತಿವೆ, ನೂರರಲ್ಲಿ ಏಳು ಒಡಕಂತೆ, ಏಳನ್ನೂ ಹಿಡಿದರೆ ಕಣ್ಣು ಸಾಲದು, ಬೇರೆ ಕೆಲಸ ಕೊಡಿ ಎಂದು ನಿನ್ನೆ ಅವಳೇ ಬರೆದುಕೊಟ್ಟ ಕಾಗದವನ್ನು ಸೂಪರ್‌ವೈಸರ್ ವಾಪಸ್ ಕೊಡುತ್ತಾನಂತೆ, ಇಲ್ಲವಾದರೆ ನಾಳೆಯಿಂದ ರಟ್ಟಿನ ಪೆಟ್ಟಿಗೆ ಮಡಿಸುವ ಕೋಣೆ, ಇಪ್ಪತ್ತೆರಡು ವರ್ಷ ಈ ದೀಪದ ಮುಂದೆ ಕೂತವಳಿಗೆ, ಇಡೀ ಕಾರ್ಖಾನೆ ಹದ್ದಕ್ಕ ಎಂದು ಕರೆಯುವವಳಿಗೆ ರಟ್ಟು ಮಡಿಸುವ ಕೆಲಸ — ಇಗೋ, ಕತ್ತಿನ ಹತ್ತಿರ, ಕೂದಲೆಳೆಯಷ್ಟು, ಒಂದು. ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ, ಹತ್ತು ದಿನದ ಮೇಲೆ ಎರಡು ಲೋಟ ಗಟ್ಟಿ ಕಾಫಿ ಒಟ್ಟಿಗೆ ಸುರಿದುಕೊಂಡರೆ ಇನ್ನೇನಾಗುತ್ತದೆ, ಬೆರಳು ನಡುಗುತ್ತಿವೆ, ಆದರೆ ಕಣ್ಣು ವಾಪಸ್ ಬಂದಿದೆ, ತೊಳೆದ ಕಿಟಕಿಯ ಹಾಗೆ — ಎರಡು, ಮೂರು, ಜೋಡಿಯಾಗಿ ಬಂದಿವೆ ಮುಂಡೇವು. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಸಕ್ಕರೆ ಹುಡುಕಲು ಹೋಗಿ ಸಿಕ್ಕಿದ್ದು, ಮೇಲಿನ ಹಲಗೆಯ ಮೂಲೆಯಲ್ಲಿ ಅವಳ ಎಂದಿನ ಕಾಫಿಪುಡಿ ಒಡೆಯದೆ ಹಾಗೇ ಇತ್ತು, ಪಕ್ಕದಲ್ಲಿ ಇನ್ನೊಂದರ ಖಾಲಿ ಪೊಟ್ಟಣ, ಕೆಫೀನ್ ತೆಗೆದದ್ದು ಎಂದು ಸಣ್ಣ ಅಕ್ಷರದಲ್ಲಿ, ತಂಗಿ ಅದನ್ನು ಡಬ್ಬಿಗೆ ತುಂಬಿ ದಿನಾ ಬೆಳಿಗ್ಗೆ ಬೆರೆಸಿಕೊಟ್ಟಿದ್ದಾಳೆ, ಅದೇ ಲೋಟ, ಅದೇ ನೊರೆ. ಕೇಳಿದರೆ, ನಿದ್ದೆಯಿಲ್ದೆ ಹೊರಳಾಡ್ತಿದ್ಯಲ್ಲಕ್ಕಾ, ಹೇಳಿದ್ರೆ ನೀನು ಬಿಡ್ತಿದ್ಯಾ ಎಂದಳು. ಬಿಡುತ್ತಿರಲಿಲ್ಲ, ನಿಜ, ಆದರೆ ಎರಡನೇ ದಿನಕ್ಕೇ ತಲೆ ಸಿಡಿಯತೊಡಗಿತು, ಸಂಜೆ ತಂಗಿ ಮುಲಾಮು ತಂದು ಹಣೆ ನೀವಿದಳು, ಹೆಬ್ಬೆರಳು ಎಡಕ್ಕೆ, ಬಲಕ್ಕೆ. ಮೂರನೇ ದಿನ ದೀಪದ ಮುಂದೆ ರೆಪ್ಪೆ ಜೋತುಬಿದ್ದವು, ಐದನೇ ದಿನ ಒಡಕು ಬಾಟಲಿಯೊಂದು ಅವಳ ಕಣ್ಣು ದಾಟಿಹೋಗಿ ಔಷಧಿ ತುಂಬುವಲ್ಲಿ ಪುಡಿಯಾಯಿತು, ಹದ್ದಕ್ಕಾ, ಹುಷಾರಾಗಿದ್ದೀರಾ ತಾನೆ ಎಂದ ಸೂಪರ್‌ವೈಸರ್, ಅವನ ಆ ಮೆತ್ತನೆ ದನಿಗೆ ಬೆಂಕಿ ಬೀಳ — ನಾಲ್ಕು. ಬೆಲ್ಟಿಗೆ ಬರುವ ಮುಂಚೆ ಕಾರ್ಖಾನೆಯ ನರ್ಸಮ್ಮ ಸೂಪರ್‌ವೈಸರ್ ಎದುರಿಗೇ ನಕ್ಕಳು, ಅದು ಕಾಫಿ ಬಿಟ್ಟ ತಲೆನೋವು ಕಣಮ್ಮ, ಇನ್ನೆರಡು ದಿನ ತಡ್ಕೊಂಡಿದ್ರೆ ತಾನಾಗೇ ಹೋಗ್ತಿತ್ತು. ಏನನ್ನು ತಡೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದರಲ್ಲವೇ ತಡೆದುಕೊಳ್ಳುವುದು — ಐದು, ತಳದಲ್ಲಿ, ಆರು. ಹೆಬ್ಬೆರಳು ಎಡಕ್ಕೆ, ಬಲಕ್ಕೆ. ನನ್ನ ಕಣ್ಣು ಹೋಯ್ತು ಕಣೇ ಎಂದು ತಂಗಿಯ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದಳು, ಗಂಡ ಸತ್ತಾಗಲೂ ಯಾರ ಮುಂದೆಯೂ ಅಳದವಳು, ಅಲ್ಲಿಯೇ ಕಾಗದ ಬರೆದದ್ದು, ಪೆನ್ನು ತಂದುಕೊಟ್ಟವಳೂ ಆ ಮಹಾತಾಯಿಯೇ.

ಏಳು. ಎತ್ತುವಾಗ ನಡುಗುವ ಬೆರಳು ತಗುಲಿ ಪಕ್ಕದ ಬಾಟಲಿ ವಾಲಿತು, ಸೂಪರ್‌ವೈಸರ್ ಹಿಡಿದುಕೊಂಡ, ಬೆಲ್ಟ್ ನಿಲ್ಲಿಸಿದ, ಏಳೂ ಸಿಕ್ತು ಬಿಡಿ, ನಾಳೆಯಿಂದ ಒಂದೇ ಲೋಟ ಕುಡ್ಕೊಂಡು ಬನ್ನಿ ಎಂದು ನಗುತ್ತ ಕಾಗದ ಮುಂದಿಟ್ಟ, ಅವಳು ಹರಿದಳು, ಹರಿದದ್ದನ್ನು ಮತ್ತೆ ಹರಿದಳು, ಗೆದ್ದಾಯಿತಲ್ಲ, ಇನ್ನಾದರೂ ಈ ಉರಿ ಇಳಿಯಬೇಡವೇ, ಪುಡಿ ಬದಲಾಯಿಸಿದ್ದನ್ನು ಕ್ಷಮಿಸಬಹುದು, ಹೊರಳಾಟ ನೋಡಲಾರದೆ ಮಾಡಿದಳು, ಪಾಪ, ಮುಚ್ಚಿಟ್ಟದ್ದನ್ನೂ ಬೇಕಾದರೆ — ಆದರೆ ಎಲ್ಲ ಗೊತ್ತಿದ್ದೂ, ಅಳುತ್ತಿದ್ದ ಅಕ್ಕನ ಹಣೆಯ ಮೇಲೆ ಆ ಹೆಬ್ಬೆರಳು, ಮುಲಾಮಿನ ಘಾಟು, ಎಡಕ್ಕೆ, ಬಲಕ್ಕೆ, ವಯಸ್ಸಲ್ವಾ ಅಕ್ಕಾ, ಕಣ್ಣಿಗೂ ವಯಸ್ಸಾಗುತ್ತೆ, ಎಡಕ್ಕೆ, ಬಲಕ್ಕೆ, ವಯಸ್ಸಲ್ವಾ ಅಕ್ಕಾ, ಎಡಕ್ಕೆ —