ಕಾಯುವವರ ಬಟ್ಟಲು

“ಏನೇ ನಾರೆ, ನಿಮ್ ದೊಡ್ಡಮ್ಮನ ಕೋಟು ಹಾಕ್ಕೊಂಡು ಎಲ್ಲಿಗೆ ಹೊರಟೆ?”

ಹೆಸರುಬೇಳೆ ದೋಸೆಯ ಪಿಲ್ಸುನ್ ಮೊಗಚುವ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದಳು. ಹಳದಿ ಕೊಡೆ ಹಿಡಿದ ಸಂಗ್ಮಿಯೂ ಅವಳ ಹಿಂದೆ ಸಾಲಾಗಿ ನಿಂತಿದ್ದ ಆರು ಜನರೂ ಒಟ್ಟಿಗೆ ತಿರುಗಿದರು. ಏಳನೆಯವಳಾಗಿ ಬಾಲದಲ್ಲಿ ನಿಂತಿದ್ದ ನಾರೆ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಮಾಸ್ಕು, ಟೋಪಿ, ಮೊಣಕಾಲು ದಾಟುವ ಕೋಟು, ಇಷ್ಟೆಲ್ಲ ಹೊದ್ದು ಬಂದರೂ ಮೊದಲನೇ ಅಂಗಡಿಯಲ್ಲೇ ಸಿಕ್ಕಿಬಿದ್ದಿದ್ದಳು.

“ದೋಸೆ ತಿನ್ನೋಕೆ,” ಅಂದಳು.

“ಎಂಟು ಚಳಿಗಾಲದಿಂದ ನನ್ ಕಣ್ಮುಂದೆ ಓಡಾಡ್ತಿದೀಯ. ದೋಸೆ ಬೇಕಂದ್ರೆ ಬಂದು ಕೇಳೋದಲ್ವಾ? ಹಿಂಗೆ ಪರವೂರೋರ ಜೊತೆ ಸಾಲು ನಿಂತ್ಕೋಬೇಕಾ?” ಪಿಲ್ಸುನ್ ನಗುತ್ತಲೇ ಬೈದು, ದೋಸೆಯ ಗರಿಗರಿ ಅಂಚನ್ನು ಮುರಿದು ಮೊದಲು ಅವಳ ಕೈಗೇ ಇಟ್ಟಳು.

ಸಂಗ್ಮಿ ಈ ಪೇಟೆಗೆ ಬಂದು ಎರಡು ತಿಂಗಳಾಗಿತ್ತು. ಶನಿವಾರ ಶನಿವಾರ ಹೊರಗಿನವರನ್ನು ಕರೆದುಕೊಂಡು ಪೇಟೆ ಸುತ್ತಿಸಿ, ಅಂಗಡಿ ಅಂಗಡಿಯಲ್ಲಿ ನಿಲ್ಲಿಸಿ, ಇದು ತಿನ್ನಿ ಅದು ತಿನ್ನಿ ಎಂದು ಹೇಳುವುದಕ್ಕೆ ವರ್ತಕರ ಸಂಘದವರು ಅವಳನ್ನು ನೇಮಿಸಿದ್ದರು. ಅವಳು ನಾರೆಯ ಹತ್ತಿರ ಬಂದು, “ನೀವು ಈ ಪೇಟೆಯೋರೇನಾ? ಯಾವ ಕಡೆ?” ಎಂದು ಕೇಳಿದಳು.

“ಒಳಗಿನ ಓಣಿ.”

“ಒಳಗಿನ ಓಣೀಲಿ ಅಂಗಡಿ ಇದ್ಯಾ?”

ಅವಳು ಕೊಂಕು ಮಾತಾಡಿರಲಿಲ್ಲ, ನಿಜವಾಗಿ ಗೊತ್ತಿಲ್ಲದೇ ಕೇಳಿದ್ದಳು. ನಾರೆಗೆ ಅದೇ ಹೆಚ್ಚು ಚುಚ್ಚಿತು. ಹೌದೆಂದು ತಲೆಯಾಡಿಸಿದಳು.

ಒಳಗಿನ ಓಣಿಯಲ್ಲಿ ಈಗ ಉಳಿದಿದ್ದದ್ದು ಒಂದೇ ಅಂಗಡಿ, ದೊಡ್ಡಮ್ಮ ಮಲ್ಜಾಳ ಶ್ಯಾವಿಗೆ ಅಂಗಡಿ. ಹಿಟ್ಟು ನಾದಿ, ಹಾಳೆಯ ಹಾಗೆ ಲಟ್ಟಿಸಿ, ಮಡಿಸಿ, ಚಾಕುವಿನಿಂದ ಟಕಟಕ ಕೊಯ್ದು, ಕುದಿಯುವ ಸಾರಿಗೆ ಹಾಕಿ ಕೊಡುತ್ತಿದ್ದಳು. ಪಕ್ಕದ ಹೊಲಿಗೆಯವನು ಅಂಗಡಿ ಮುಚ್ಚಿ ಹೋದ, ಎದುರಿನ ಬೀಗದವನು ಹೋದ. ಓಣಿಯೊಳಕ್ಕೆ ಕಾಲಿಡುವುದಕ್ಕೆ ಜನರಿಗೆ ಕಾರಣವೇ ಇಲ್ಲದಂತಾಯಿತು. ವಸಂತದವರೆಗೆ ನೋಡುತ್ತೇನೆ, ಆಮೇಲೆ ಬಾಗಿಲು ಹಾಕಿ ಆಸ್ಪತ್ರೆಯ ಅಡುಗೆಮನೆಗೆ ಹೋಗುತ್ತೇನೆ ಎಂದು ದೊಡ್ಡಮ್ಮ ಹೇಳತೊಡಗಿದ್ದಳು. ಹದಿನೈದಕ್ಕೆ ಶಾಲೆ ಬಿಟ್ಟು ದೊಡ್ಡಮ್ಮನ ಹತ್ತಿರ ಬಂದ ನಾರೆಗೆ ಬೇರೆ ಜಾಗವೂ ಗೊತ್ತಿರಲಿಲ್ಲ, ಬೇರೆ ಕೆಲಸವೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಈ ಸುದ್ದಿ ಬಂತು. ಸಂಗ್ಮಿಯ ಶನಿವಾರದ ಸುತ್ತಾಟಕ್ಕೆ ಆರು ಅಂಗಡಿ ನಿಗದಿಯಾಗಿವೆ, ಏಳನೆಯದು ಇನ್ನೂ ಆಗಿಲ್ಲ, ಸದ್ಯಕ್ಕೆ ಬೀದಿಯ ಕೊನೆಯ ಕಾಫಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ದೊಡ್ಡಮ್ಮ ಹೋಗಿ ಕೇಳುವ ಜಾತಿಯವಳಲ್ಲ. ಆದರೆ ಮರುದಿನವೇ ಏಳು ದೊಡ್ಡ ಬಟ್ಟಲು ಕೊಂಡುತಂದು ಉಜ್ಜಿ ಕವುಚಿಟ್ಟಳು. ಆಮೇಲೆ ನಾರೆಯ ಕೈಗೆ ತನ್ನ ಕೋಟು ಕೊಟ್ಟಳು.

“ಹೋಗಿ ಅವರ ಜೊತೆ ಸೇರ್ಕೊ. ಯಾರ್ ಯಾರು ಎಷ್ಟೆಷ್ಟು ತಿಂತಾರೆ ನೋಡ್ಕೊಂಡ್ ಬಾ. ಕಡಿಮೆ ಬಿತ್ತು ಅನ್ನೋ ಮಾತು ನನ್ ಅಂಗಡೀಲಿ ಬರಬಾರ್ದು.”

“ಕೇಳಿದ್ರೆ ಏನ್ ಹೇಳ್ಲಿ?”

“ನೀನೆಲ್ಲಿ ಮಾತಾಡ್ತೀಯೇ? ನೋಡೋದೊಂದು ಚೆನ್ನಾಗ್ ಬರುತ್ತೆ ನಿಂಗೆ. ನೋಡು, ಸಾಕು.”

ಆದ್ದರಿಂದ ನಾರೆ ನೋಡುತ್ತಿದ್ದಳು. ದೋಸೆಯನ್ನು ಎಲ್ಲರೂ ಚೆನ್ನಾಗಿಯೇ ತಿಂದರು. ಎರಡನೆಯ ಅಂಗಡಿಯ ಮಾಂಸದ ಕಡುಬೂ ಖಾಲಿಯಾಯಿತು. ಮೂರನೆಯದರಲ್ಲಿ ಕೆಂಪು ಖಾರದೊಳಗೆ ಕೊತಕೊತ ಕುದಿಯುವ ಅಕ್ಕಿಹಿಟ್ಟಿನ ತುಂಡುಗಳು, ತೊಕ್‌ಬೊಕ್ಕಿ. ಅಲ್ಲಿ ತಾಯಿ ಮಗಳಿಬ್ಬರು ಒಂದೇ ತಟ್ಟೆ ಸಾಕೆಂದರು. ಹೊಸದಾಗಿ ಮದುವೆಯಾದಂತಿದ್ದ ಗಂಡ ಹೆಂಡತಿ ತಮ್ಮ ತಮ್ಮ ಪಾಲನ್ನು ಇನ್ನೊಬ್ಬರ ತಟ್ಟೆಗೆ ಪ್ರೀತಿಯಿಂದ ದಾಟಿಸುವ ಆಟ ಹೂಡಿದರು. ಕನ್ನಡಕದ ಹೆಂಗಸೊಬ್ಬಳು ನಾಲಿಗೆ ಉರಿದು, ಬಾಯಿಯ ಮುಂದೆ ಕೈಯಲ್ಲಿ ಗಾಳಿ ಬೀಸಿಕೊಂಡಳು.

ನಾರೆಗೆ ಎಲ್ಲರಿಗಿಂತ ಹೆಚ್ಚು ಕಂಡದ್ದು ಕೋ ತಾತ. ನಲವತ್ತು ವರ್ಷ ರೈಲು ಓಡಿಸಿ ನಿವೃತ್ತರಾಗಿ, ಸಿಯೋಲ್ ನಗರದಿಂದ ಒಬ್ಬರೇ ಬಂದಿದ್ದರು. ಕೊಟ್ಟದ್ದನ್ನು ಬೇಡವೆಂದರೆ ಅಂಗಡಿಯವರಿಗೆ ನೋವಾಗುತ್ತದೆಂದು ಅವರು ಯಾವುದನ್ನೂ ಬೇಡವೆನ್ನಲಿಲ್ಲ. ಒಂದು ತುಂಡು ಕಚ್ಚಿ, “ಬಹಳ ಚೆನ್ನಾಗಿದೆ” ಎಂದು ತಲೆಬಾಗಿಸಿ, ಅಂಗಡಿಯವರು ಆಚೆ ತಿರುಗುತ್ತಿದ್ದಂತೆ ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಸೇರಿಸುತ್ತಿದ್ದರು. ಐದನೆಯ ಅಂಗಡಿಯ ಬೆಲ್ಲದ ರೊಟ್ಟಿಯ ಹೊತ್ತಿಗೆ ಎಡಜೇಬು ತುಂಬಿ, ಬಲಜೇಬಿನ ಸರದಿ ಬಂದಿತ್ತು. ನಾರೆ ನೋಡುತ್ತಿರುವುದು ತಿಳಿದಾಗ ತುಟಿಯ ಮೇಲೆ ಬೆರಳಿಟ್ಟರು. ನಾರೆ ಮಾಸ್ಕಿನೊಳಗೆ ನಕ್ಕಳು.

ಆರನೆಯ ಅಂಗಡಿಯಲ್ಲಿ ಯಾರೂ, ಕೋ ತಾತ ಕೂಡ, ಏನನ್ನೂ ಮುಟ್ಟಲಿಲ್ಲ. ತಟ್ಟೆಯ ಫೋಟೋ ಮಾತ್ರ ತೆಗೆದುಕೊಂಡರು.

ನಾರೆಯ ನಗು ಅಲ್ಲಿಗೆ ನಿಂತಿತು. ಏಳು ದೊಡ್ಡ ಬಟ್ಟಲು ಕಣ್ಣ ಮುಂದೆ ಬಂದವು, ಎಲ್ಲವೂ ಮುಕ್ಕಾಲು ತುಂಬಿಕೊಂಡೇ ಹಿಂದಕ್ಕೆ ಬಂದಂತೆ. ದೊಡ್ಡಮ್ಮನ ಅಂಗಡಿಯಲ್ಲಿ ಬಟ್ಟಲಲ್ಲಿ ಒಂದೆಳೆ ಉಳಿದರೂ ಅವಳು ಎದ್ದು ಹೋಗಿ, “ಯಾಕೆ, ಉಪ್ಪು ಜಾಸ್ತಿ ಆಯ್ತಾ?” ಎಂದು ಕೇಳುವವಳು. ಖಾಲಿಯಾದರೆ ಕೇಳುವುದೇ ಇಲ್ಲ, ಸೌಟು ತಾನಾಗಿ ಬಂದು ಮತ್ತೆ ತುಂಬುತ್ತದೆ. ಬಡಿಸುವುದು ಅಂದರೆ ಅವಳಿಗೆ ಅದೇ. ಏಳನೆಯ ಜಾಗ ಸಿಕ್ಕರೂ ಒಂದೇ ಶನಿವಾರದಲ್ಲಿ ಅವಳ ಮನಸ್ಸು ಮುರಿಯುತ್ತದೆ.

ಬೀದಿಯ ಛಾವಣಿಯ ಕೆಳಗೆ ಗಾಳಿ ಸುಯ್ಯೆಂದು ನುಗ್ಗಿತು. ಕೋ ತಾತ ಹೊಟ್ಟೆಯ ಮೇಲೆ ಕೈಯಿಟ್ಟು ಕಂಬಕ್ಕೆ ಒರಗಿದರು.

“ಕಾಫಿ ಅಂಗಡಿಗೆ ಇನ್ನೆಷ್ಟು ದೂರ ಮಗು? ಸ್ವಲ್ಪ ಕೂತ್ಕೋಬೇಕಾಗಿತ್ತು.”

“ಹತ್ತು ನಿಮಿಷ ತಾತ,” ಅಂದಳು ಸಂಗ್ಮಿ. “ಆದ್ರೆ ಅಲ್ಲಿ ಕೂರೋಕೆ ಜಾಗ ಕಡಿಮೆ.”

ನಾರೆ ಒಂದು ಹೆಜ್ಜೆ ಮುಂದೆ ಬಂದಳು. ಗುರುತಿಲ್ಲದವರ ಮುಂದೆ ತಾನಾಗಿ ಬಾಯಿ ತೆರೆದು ಎಷ್ಟು ದಿನವಾಗಿತ್ತೋ. ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

“ಇಲ್ಲೇ ಒಳಗಡೆ ಬೆಂಚಿದೆ. ಒಲೆ ಪಕ್ಕ. ತಿನ್ನೋದೇನೂ ಬೇಡ. ಬಂದು ಕೂತ್ಕೊಳ್ಳಿ.”

ಒಳ ಓಣಿಗೆ ಅಷ್ಟು ಜನ ಒಟ್ಟಿಗೆ ಬಂದು ಬಹಳ ದಿನವಾಗಿತ್ತು. ದೊಡ್ಡಮ್ಮ ತಲೆಯೆತ್ತಿ ನೋಡಿದಳು, ಹಳದಿ ಕೊಡೆ ಕಂಡಿತು, ಅಷ್ಟೇ. ಒದ್ದೆಬಟ್ಟೆ ಸರಿಸಿ ಹಿಟ್ಟಿನ ಮುದ್ದೆ ತೆಗೆದಳು, ಲಟ್ಟಣಿಗೆ ಓಡಿತು, ಬಂದವರು ಬೆಂಚಿನ ಮೇಲೆ ಸರಿಯಾಗಿ ಕೂರುವ ಮೊದಲೇ ಚಾಕು ಟಕಟಕ ಎನ್ನತೊಡಗಿತು. ಕೋ ತಾತ ಆ ಸದ್ದು ಕೇಳಿ ತಮ್ಮ ಜೇಬುಗಳನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು.

ನಾರೆ ಕೊಯ್ಯುವ ಹಲಗೆಯ ಪಕ್ಕಕ್ಕೆ ಹೋಗಿ ತಗ್ಗಿದ ದನಿಯಲ್ಲಿ, “ದೊಡ್ಡಮ್ಮಾ, ಶ್ಯಾವಿಗೆ ಬೇಡ,” ಅಂದಳು.

“ಏನು ಬೇಡ?”

“ಅವರ ಹೊಟ್ಟೆ ತುಂಬಿದೆ. ಐದು ಕಡೆ ತಿಂದಿದಾರೆ. ಸಾರಿನ ನೀರು ಕೊಡು, ಸಾಕು.”

ಚಾಕು ನಿಂತಿತು. “ಬಾಗಿಲಿಗೆ ಬಂದೋರಿಗೆ ಬರೀ ನೀರು ಕೊಟ್ ಕಳಿಸೋದಾ? ನನ್ ಮರ್ಯಾದೆ ಏನಾಗ್ಬೇಕೇ? ಅದು ಕೈಗಾಡಿಯೋನಿಗೆ, ಸೊಪ್ಪಿನ ಅಜ್ಜಿಗೆ, ಚಳೀಲಿ ನಿಂತು ಕಾಯೋರಿಗೆ ಸುಮ್ನೆ ಕೊಡೋದು. ಅದನ್ನ ನೆಂಟರಿಗೆ ಬಡಿಸ್ತಾರಾ ಯಾರಾದ್ರೂ?”

“ಇವರೂ ಚಳೀಲೇ ನಿಂತಿದ್ದೋರು.”

“ಸರಿ ಸರಿ, ಪಕ್ಕಕ್ ಹೋಗು.” ಚಾಕು ಮತ್ತೆ ಮೇಲಕ್ಕೆದ್ದಿತು.

ನಾರೆ ಪಕ್ಕಕ್ಕೆ ಹೋದಳು, ಆದರೆ ಒಲೆಯ ಕಡೆಗೆ. ಎಂಟು ವರ್ಷದಲ್ಲಿ ಒಂದು ದಿನವೂ ದೊಡ್ಡಮ್ಮನ ಮಾತು ಮೀರಿದವಳಲ್ಲ. ಈಗ ಸೌಟು ತೆಗೆದುಕೊಂಡಳು. ಕವುಚಿಟ್ಟ ದೊಡ್ಡ ಬಟ್ಟಲುಗಳನ್ನು ಮುಟ್ಟಲಿಲ್ಲ. ಗೋಡೆಯ ಪಕ್ಕದಲ್ಲಿದ್ದ, ಅಂಚು ಸವೆದ, ಕಾಯುವವರಿಗೆಂದೇ ಇಟ್ಟ ಸಣ್ಣ ಬಟ್ಟಲುಗಳನ್ನು ಸಾಲಾಗಿ ಜೋಡಿಸಿ ಅರ್ಧರ್ಧ ತುಂಬಿದಳು. ಬೆಳಗಿನ ಜಾವದಿಂದ ಒಣಮೀನು, ಮೂಲಂಗಿ, ಕಡಲಪಾಚಿ ಕುದಿದು ತಿಳಿಯಾಗಿದ್ದ ಸಾರು. ಒಬ್ಬೊಬ್ಬರ ಮುಂದೆ ಎರಡೂ ಕೈಯಲ್ಲಿ ಹಿಡಿದು ಇಟ್ಟಳು. ದೊಡ್ಡಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ.

ನಾಲಿಗೆ ಉರಿದಿದ್ದ ಹೆಂಗಸಿನ ಕನ್ನಡಕದ ಮೇಲೆ ಹಬೆ ಕೂತಿತು, ಅವಳು ಅದನ್ನು ಒರೆಸಿಕೊಳ್ಳದೇ ಕುಡಿದಳು. ತಾಯಿ ಮಗಳು ಬಟ್ಟಲನ್ನು ಕೆನ್ನೆಗೆ ಒತ್ತಿಕೊಂಡು ಕೂತರು. ಹೊಸ ಗಂಡ ಹೆಂಡತಿ ಈ ಸಲ ಏನನ್ನೂ ದಾಟಿಸಲಿಲ್ಲ. ಕೋ ತಾತ ಕೊನೆಯ ಗುಟುಕಿನವರೆಗೂ ಕುಡಿದು, ಬಟ್ಟಲಿನ ತಳ ನೋಡಿ, ಹಾ ಎಂದು ಉದ್ದಕ್ಕೆ ಉಸಿರು ಬಿಟ್ಟರು.

“ಇನ್ನೊಂದ್ ಚೂರು ಸಿಗುತ್ತೇನಮ್ಮ?”

ಆ ಮಾತಿಗೆ ದೊಡ್ಡಮ್ಮ ಚಾಕು ಕೆಳಗಿಟ್ಟು ಬಂದು ನಾರೆಯ ಕೈಯಿಂದ ಸೌಟು ಕಿತ್ತುಕೊಂಡಳು. ಕೇಳಿದವರಿಗೆ ಬಡಿಸುವುದು ಅವಳ ಕೆಲಸ.

“ಇದಕ್ಕೇನಂತಾರೆ ಮಲ್ಜಾ ಅಕ್ಕ?” ಸಂಗ್ಮಿ ಗೋಡೆಯ ಮೇಲಿನ ಫಲಕದಲ್ಲಿ ಹೆಸರು ಓದಿಕೊಂಡು ಕೇಳಿದಳು. “ನಮ್ ಪಟ್ಟೀಲಿ ಹೆಸರು ಬರೀಬೇಕು.”

“ಅದಕ್ಕೆಂಥ ಹೆಸರು? ಶ್ಯಾವಿಗೆ ಬರೋವರ್ಗೂ ಕುಡಿಯೋದು.”

ಅವರೆಲ್ಲ ಹೋದಮೇಲೆ ಹಲಗೆಯ ಮೇಲೆ ಏಳು ಜನಕ್ಕೆ ಕೊಯ್ದ ಶ್ಯಾವಿಗೆ, ಹಿಟ್ಟು ಮೆತ್ತಿಕೊಂಡು, ಹಾಗೇ ಬಿದ್ದಿತ್ತು. ದೊಡ್ಡಮ್ಮ ಅದನ್ನೇ ನೋಡುತ್ತ ನಿಂತಳು. ಬೈಯಲಿಲ್ಲ. ಬೈದಿದ್ದರೆ ನಾರೆಗೆ ಹಗುರಾಗುತ್ತಿತ್ತು.

“ಒಂದೆಳೆ ತಿನ್ಲಿಲ್ಲ ಕಣೇ ಅವರು,” ಅಂದಳು ಕೊನೆಗೆ.

“ತಾತ ಮೂರು ಬಟ್ಟಲು ಕುಡಿದ್ರು. ಬೇರೆ ಅಂಗಡೀದೆಲ್ಲ ಜೇಬಿಗೆ ಹಾಕ್ಕೊಂಡಿದ್ರು, ನಿಂದೊಂದು ಹಾಕ್ಕೊಳ್ಲಿಲ್ಲ.”

“ನೀರನ್ನ ಹೆಂಗೇ ಜೇಬಿಗೆ ಹಾಕ್ಕೊತಾರೆ?” ಎಂದು ರೇಗಿದ ದೊಡ್ಡಮ್ಮ, ಮುಖವನ್ನು ಆಚೆ ತಿರುಗಿಸಿಕೊಂಡಳು. ಅವಳ ಭುಜ ಅಲುಗಿತು. ನಗುತ್ತಿದ್ದಾಳೆಂದು ನಾರೆಗೆ ತಿಳಿಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ಆ ಶ್ಯಾವಿಗೆಯನ್ನು ಬೇಯಿಸಿ ಪಿಲ್ಸುನ್‌ಗೆ, ಸೊಪ್ಪಿನ ಅಜ್ಜಿಗೆ, ಕೈಗಾಡಿಯವನಿಗೆ ಹಂಚಿದರು. ಮಿಕ್ಕಿದ್ದನ್ನು ಇಬ್ಬರೂ ಕೂತು ತಿಂದರು.

ಮಂಗಳವಾರ ಸಂಗ್ಮಿ ಬಂದಳು. ಚಳಿಗಾಲ ಮುಗಿಯುವವರೆಗೆ ಏಳನೆಯದು ಒಳಗಿನ ಓಣಿ, ಆಮೇಲಿನದು ಆಮೇಲೆ ನೋಡೋಣ, ಸಂಘದವರು ಒಪ್ಪಿದ್ದಾರೆ ಅಂದಳು. ಹೊರಡುವಾಗ ಮತ್ತೆ ನಿಂತು, “ಸಾರು ಮಾತ್ರ, ಅಲ್ವಾ ಅಕ್ಕ? ಶ್ಯಾವಿಗೆ ಬೇಡ. ಪಾಪ, ಅವರಿಗಾಗಲ್ಲ,” ಅಂದಳು.

“ಗೊತ್ತು ಗೊತ್ತು,” ಅಂದಳು ದೊಡ್ಡಮ್ಮ. “ನನಗೇನ್ ಕಿವಿ ಕೇಳಲ್ವಾ?”

ಶನಿವಾರ ಅವಳು ಎಂದಿಗಿಂತ ಮೊದಲೇ ಒಲೆ ಹಚ್ಚಿದ್ದಳು. ನಾರೆ ಬೆಂಚು ಒರೆಸಿ, ಓಣಿಯ ಬಾಯಿಯವರೆಗೆ ಗುಡಿಸಿ ಬಂದಳು. ದೂರದಲ್ಲಿ ಹಳದಿ ಕೊಡೆ ಮೇಲೆದ್ದು ಈ ಕಡೆ ತಿರುಗಿದ್ದು ಕಂಡಿತು. ಒಳಗೆ ಓಡಿಬಂದು ನೋಡಿದರೆ ಸಣ್ಣ ಬಟ್ಟಲುಗಳು ಆಗಲೇ ಸಾಲಾಗಿ ಕೂತಿದ್ದವು, ಮೇಲೊಂದು ಬಿಳಿ ವಸ್ತ್ರ ಹೊದ್ದುಕೊಂಡು. ಸಾರು ಬಗ್ಗಿಸುವುದಕ್ಕೆಂದು ನಾರೆ ವಸ್ತ್ರದ ಅಂಚು ಎತ್ತಿದಳು.

ಪ್ರತಿಯೊಂದು ಬಟ್ಟಲಿನ ತಳದಲ್ಲೂ ಬೆಂದ ಶ್ಯಾವಿಗೆಯ ನಾಲ್ಕೇ ನಾಲ್ಕು ಎಳೆ, ಬೆರಳಿಗೆ ಸುತ್ತಿ ಇಳಿಸಿದಂತೆ ದುಂಡಗೆ ಸುರುಳಿ ಸುತ್ತಿ ಕೂತಿದ್ದವು.

ದೊಡ್ಡಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

“ಏನೇ ಅದು ನೋಡ್ತಾ ನಿಂತೆ?” ಅಂದಳು, ತಿರುಗದೆಯೇ.

“ಏನಿಲ್ಲ.”

ನಾರೆ ಸೌಟನ್ನು ಹಂಡೆಗೆ ಇಳಿಸಿ, ಮೊದಲನೇ ಬಟ್ಟಲಿಗೆ ಸಾರು ಬಗ್ಗಿಸಿದಳು. ಸುರುಳಿ ಮೆಲ್ಲಗೆ ಬಿಚ್ಚಿಕೊಂಡು ಮೇಲಕ್ಕೆ ತೇಲಿತು.