ಸೀಳಿದ ಬೂಟು

ನಾನು ಎಡಗಾಲಿನ ಬೂಟು. ಕಾಲ್ಚೆಂಡಾಟದ್ದು. ಹುಟ್ಟಿದ್ದು ೧೯೦೮ರಲ್ಲಿ, ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ. ದಪ್ಪ ತೊಗಲು, ಅಡಿಯಲ್ಲಿ ಮೊಳೆ ಹೊಡೆದ ಚರ್ಮದ ಬಿಲ್ಲೆಗಳು. ಹೊಸದರಲ್ಲಿ ನನ್ನಷ್ಟು ಮೊಂಡ ಇನ್ನೊಬ್ಬನಿರಲಿಲ್ಲ.

ನನ್ನನ್ನು ಕೊಂಡವನು ಗೇವಿನ್ ಟ್ಯಾನಕ್, ಗಣಿ ಕೆಲಸದವನು. ತಂದ ದಿನವೇ ಜೋಡಿ ಬೂಟು ಹಾಕಿಕೊಂಡು, ಬಿಸಿನೀರಿನ ಬಾನಿಯಲ್ಲಿ ಕಾಲಿಟ್ಟು ಕೂತ. ಅಲ್ಲಿಯ ಆಟಗಾರರು ಹೊಸ ಬೂಟನ್ನು ಪಳಗಿಸುತ್ತಿದ್ದದ್ದೇ ಹೀಗೆ. ನೆನೆದ ತೊಗಲು ಕಾಲಿನ ಮೇಲೇ ಒಣಗಬೇಕು. ಸಂಜೆಯ ಹೊತ್ತಿಗೆ ನನ್ನ ಹಟವೆಲ್ಲ ಇಳಿದಿತ್ತು.

ಗೇವಿನ್ ಮೈದಾನದ ಎಡ ಅಂಚಿನಲ್ಲಿ ಓಡುವವನು. ಚೆಂಡು ಒದೆಯುವುದೆಲ್ಲ ನನ್ನ ಪಾಲಿಗೆ. ಬಲಗಾಲಿನ ಬೂಟಿಗೆ ಜೊತೆಗೆ ಓಡಿದ ಪುಣ್ಯವಷ್ಟೇ. ಐದು ಚಳಿಗಾಲ ಆಡಿದೆವು. ದೇಶದ ತಂಡಕ್ಕೆ ಆಡಿದವರಿಗೆ ಅಲ್ಲಿ ಮಖಮಲ್ಲಿನ ಟೋಪಿ ಕೊಡುತ್ತಾರೆ. ಗೇವಿನ್‌ಗೆ ಬೇಕಿದ್ದದ್ದು ಅದೊಂದೇ.

ಐದನೆಯ ಚಳಿಗಾಲದಲ್ಲಿ, ಆಯ್ಕೆಗಾರರು ಶನಿವಾರದ ಪಂದ್ಯಕ್ಕೆ ಬರುತ್ತಾರೆಂಬ ಸುದ್ದಿ ಬಂತು. ಆ ಗುರುವಾರವೇ ಗಣಿಯಲ್ಲಿ ಅವನ ಎಡಪಾದದ ಮೇಲೆ ಕಲ್ಲು ಬಿತ್ತು. ಶನಿವಾರ ಬೆಳಿಗ್ಗೆ ಊದಿದ ಕಾಲು ನನ್ನೊಳಗೆ ಹಿಡಿಸಲೇ ಇಲ್ಲ.

"ಸೀಳು," ಎಂದು ಅಡುಗೆಮನೆಯ ಚಾಕುವನ್ನು ಹೆಂಡತಿ ಇಸೊಬೆಲ್ ಕೈಗೆ ಕೊಟ್ಟ.

"ಒಂದು ವಾರ ಆಡದಿದ್ದರೆ ಏನಾಗುತ್ತೆ, ಗೇವಿನ್?"

"ಅವರು ಬರೋದು ಈ ವಾರ ಕಣೇ."

ಅವಳು ಅಳುತ್ತಲೇ ನನ್ನ ಪಕ್ಕೆ ಸೀಳಿದಳು. ಕ್ಲಬ್ಬಿನವರಿಗೆ ಗೊತ್ತಾಗಬಾರದೆಂದು ಅವನು ಸೀಳಿನ ಮೇಲೆ ಕೊಬ್ಬಿಗೆ ಮಸಿ ಬೆರೆಸಿ ಬಳಿದ.

ಅರ್ಧ ಗಂಟೆ ಚೆನ್ನಾಗಿಯೇ ಓಡಿದ. ಅವನು ಹಲ್ಲು ಕಚ್ಚಿದ್ದು ನನಗೊಬ್ಬನಿಗೇ ಗೊತ್ತು. ಆಮೇಲೆ ಯಾರದೋ ಕಾಲು ತಗುಲಿ ಒಳಗೆ ಮೂಳೆ ಮುರಿಯಿತು. ಆಗೆಲ್ಲ ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಇರಲಿಲ್ಲ. ಹೊರಗೆ ಹೋದರೆ ತಂಡದಲ್ಲಿ ಹತ್ತೇ ಜನ. ಕುಂಟುತ್ತಾ ಕೊನೆಯ ಸೀಟಿಯವರೆಗೂ ನಿಂತ. ಆ ಪಾದ ಮತ್ತೆ ನೆಟ್ಟಗಾಗಲಿಲ್ಲ.

ಮೂರನೆಯ ದಿನ ಕ್ಲಬ್ಬಿನ ಕಾರ್ಯದರ್ಶಿ ಮನೆಗೆ ಬಂದರು. ಕೂರಲೂ ಇಲ್ಲ.

"ಆಯ್ಕೆಗಾರರು ನಿನ್ನ ಹೆಸರನ್ನ ಕಳೆದ ಬುಧವಾರವೇ ತಂಡದ ಪಟ್ಟಿಗೆ ಬರೆದಿದ್ದರಪ್ಪ. ದೇಶದ ಪಂದ್ಯಕ್ಕೆ ಇನ್ನೂ ಒಂದು ತಿಂಗಳಿತ್ತು. ಶನಿವಾರ ಬಂದದ್ದು ಅದನ್ನು ನಿನಗೆ ಹೇಳೋಕೆ."

ಇಸೊಬೆಲ್ ಎದ್ದು ಒಳಗೆ ಹೋದಳು.

ಈಗ ನಾನು ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದೇನೆ. ತೊಗಲು ಬಿರಿದಿದೆ. ಗೇವಿನ್ ತೀರಿಕೊಂಡು ಬಹಳ ವರ್ಷಗಳಾದವು. ನನಗೆ ಬಾಯಿಲ್ಲದೆ ಹೋಯಿತಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ. ಇನ್ನೂರು ಪಂದ್ಯ ಆಡಿದವನು. ಆ ಒಂದನ್ನು ಆಡದೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು.