ಕಲ್ಲಿನ ಹಿಂಬದಿ

ಆ ಶಾಸನದ ಕಲ್ಲಿನ ಮುಂದೆ ಅರ್ಧ ಆಯುಸ್ಸು ಸವೆಸಿದವಳು ನಾನು. ಈ ಯಾತ್ರಾಸ್ಥಳ ಹುಟ್ಟಿದ್ದು ಅರಸನೊಬ್ಬನ ದಾನದಿಂದ ಎಂದು ಓದಿ ಬರೆದು ಹೆಸರು ಮಾಡಿದವಳೂ ನಾನೇ. ಮೊನ್ನೆ ಗುಡಿಯ ಗೋಡೆ ರಿಪೇರಿಗೆಂದು ಕಲ್ಲನ್ನು ಸರಿಸಿದರು. ಹಿಂಬದಿಯಲ್ಲೂ ಅಕ್ಷರಗಳಿದ್ದವು. ಕಣ್ಣಿಗೆ ಬಿದ್ದದ್ದು ಯಾರಿಗೆ? ನಾನೇ ಹಳೆಯ ಲಿಪಿ ಕಲಿಸಿ, ನಮ್ಮ ಶಾಸನ ಕಚೇರಿಗೆ ಸೇರಿಸಿದ ನನ್ನ ತಂಗಿಗೆ.

ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇನಿದೆ? ಹುಟ್ಟಿದಾಗಿನಿಂದ ಅವಳಿಗೆ ಎಲ್ಲವೂ ಕೂತಲ್ಲಿಗೇ ಬರುತ್ತದೆ.

“ಅಕ್ಕ, ಈ ಅಕ್ಷರಗಳ ಅಚ್ಚು ನೀನೇ ತೆಗೀಬೇಕು. ನನ್ ಕೈಲಿ ಕಾಗದ ಹರಿಯುತ್ತೆ. ನಾಳೆ ಕಲ್ಲನ್ನ ಗೋಡೆಗೆ ಸೇರಿಸಿ ಸಿಮೆಂಟ್ ಹಾಕ್ಬಿಡ್ತಾರೆ,” ಅಂದಳು.

“ಹುಡುಕೋಕೆ ಕಣ್ಣಿದೆ, ಬ್ರಷ್ ಹಿಡಿಯೋಕೆ ಕೈಯಿಲ್ವಾ?”

ಅವಳು ನಕ್ಕಳು. ನಾನು ಚುಚ್ಚಿದ್ದು ಅವಳಿಗೆ ತಾಗುವುದೇ ಇಲ್ಲ. ಅದೊಂದು ಬೇರೆ ಉರಿ.

ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಸಿದೆ. ಬಡಿದಷ್ಟು ಹೊತ್ತೂ ಒಂದೇ ಆಸೆ, ಇದು ಯಾರೋ ಪುಂಡರು ಗೀಚಿದ್ದಾಗಿರಲಿ. ಮಸಿ ಹಚ್ಚಿದ ಮೇಲೆ ಕಪ್ಪು ಕಾಗದದಲ್ಲಿ ಬಿಳಿ ಸಾಲುಗಳು ಎದ್ದವು. ತಂಗಿ ಗಟ್ಟಿಯಾಗಿ ಓದಿದಳು. ಅರಸನಿಗಿಂತ ಬಹಳ ಮೊದಲು ಇಲ್ಲಿ ಬಟ್ಟೆ ಒಗೆಯುವವಳೊಬ್ಬಳು ದೇವರ ಮೇಲೆ ಹಾಡು ಕಟ್ಟಿ ಹಾಡುತ್ತಿದ್ದಳು. ಕೇಳಲು ಜನ ದೂರದಿಂದ ನಡೆದು ಬಂದರು, ಗುಡಿ ಆಮೇಲೆ ಬಂತು. ತನ್ನ ಹೆಸರು ಕೆತ್ತಬೇಡಿ ಎಂದು ಆಕೆಯೇ ಹೇಳಿದ್ದರಿಂದ ಕೆತ್ತಿಲ್ಲ.

ಅಲ್ಲಿಗೆ ನಾನು ಬರೆದದ್ದೆಲ್ಲ ನೀರಲ್ಲಿ ಹೋಮವಾಯಿತು.

ತಂಗಿ ಲೇಖನ ಬರೆದು ತಂದಳು. ಮೇಲೆ ಇಬ್ಬರ ಹೆಸರು, ಮೊದಲನೆಯದು ನನ್ನದು.

“ನನ್ ಹೆಸರು ತೆಗಿ.”

“ಯಾಕಕ್ಕ?”

“ಬೇಡ ಅಂದ್ರೆ ಬೇಡ.”

ಅವಳ ಹಿಂದೆ ಎರಡನೆಯವಳಾಗುವುದು ನನಗೆ ಬೇಡ. ಅವಳ ದಯೆಯಿಂದ ಮೊದಲನೆಯವಳಾಗುವುದಂತೂ ಬೇಡವೇ ಬೇಡ. ಆದರೆ ತಂಗಿಯ ಕಣ್ಣು ತುಂಬಿತು. ಅಕ್ಕ ತನಗಾಗಿ ಹೆಸರು ಬಿಟ್ಟುಕೊಟ್ಟಳೆಂದು ಅವಳು ನಿರ್ದೇಶಕರಿಗೆ ಹೇಳಿದಳು, ಅವರು ಸಭೆಯಲ್ಲಿ ಎಲ್ಲರಿಗೂ ಹೇಳಿದರು. ಈಗ ಕಚೇರಿಯ ಹೊಸಬರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಹೆಸರಿನ ಆಸೆಯೇ ಇಲ್ಲದವರು ಎಂದು ಬೇರೆಯವರಿಗೆ ಪರಿಚಯಿಸುತ್ತಾರೆ.

ಲೇಖನ ಬಂದ ಮೇಲೆ ಗುಡಿಗೆ ಜನ ಹೆಚ್ಚಿದ್ದಾರೆ. ಹೆಸರು ಬೇಡವೆಂದ ಹಾಡುಗಾರ್ತಿಯ ವಿನಯ ನೆನೆದು ಆ ಕಲ್ಲಿಗೆ ಕೈಮುಗಿಯುತ್ತಾರೆ. ನಾನೂ ಮುಗಿಯೋಣವೆಂದು ಹೋದೆ, ಕೈ ಏಳಲಿಲ್ಲ. ಹೆಸರು ಬೇಡ ಎಂದಾಗ ಆ ಹಾಡುಗಾರ್ತಿಯ ಪಕ್ಕದಲ್ಲಿ ಯಾವ ತಂಗಿ ನಿಂತಿದ್ದಳೋ ಎಂದು ಯೋಚಿಸುತ್ತ ನಿಂತೆ.